ಆರಡಿ ಐದಿಂಚಿನ ನೆವಿಲ್, ಮೊಣಕಾಲೆತ್ತರದ ಕಾರು

ತಪ್ಪೆಲ್ಲ ಆ ಒಂದು ಸಾಲಿನದು. ಕಂಪನಿಯವರು ಕಳಿಸಿದ ಬಣ್ಣದ ಪುಸ್ತಕದ ಕೊನೇ ಪುಟದಲ್ಲಿ, ಸಣ್ಣಕ್ಷರದಲ್ಲಿ, ‘ಎತ್ತರದ ಚಾಲಕರೂ ಆರಾಮವಾಗಿ ಕೂರಬಹುದು’ ಅಂತ ಅಚ್ಚಾಗಿತ್ತು. ಎಷ್ಟು ಎತ್ತರ ಅಂತ ಇರಲಿಲ್ಲ. ಬರೆದವನು ಯಾರೋ, ಅವನೇ ಎಷ್ಟು ಉದ್ದ ಇದ್ದನೋ, ದೇವರಿಗೇ ಗೊತ್ತು. ಆದರೆ ಲೌತ್ ಊರಿನ ನೆವಿಲ್ ಹಕೆಟ್ ಅದನ್ನು ನಂಬಿಬಿಟ್ಟ. ಅವನು ಆರಡಿ ಐದಿಂಚು.

ಕಿಟ್ ಕಾರ್ ಅಂದರೆ ಕಾರಲ್ಲ, ಕಾರಾಗಬೇಕಾದ ಸಾಮಾನು. ಪೆಟ್ಟಿಗೆಗಳಲ್ಲಿ ಬರುತ್ತೆ, ನಮ್ಮ ಗ್ಯಾರೇಜಿನಲ್ಲಿ ನಾವೇ ಜೋಡಿಸಿಕೊಳ್ಳಬೇಕು. ನೆವಿಲ್ ಆರು ವರ್ಷ ಜೋಡಿಸಿದ. ಕೊನೆಗೆ ಹಸಿರು ಬಣ್ಣದ, ಉದ್ದ ಮೂತಿಯ, ಮೇಲೆ ಸೂರಿಲ್ಲದ, ಇಬ್ಬರು ಕೂರುವ ಕಾರೊಂದು ಎದ್ದು ನಿಂತಿತು. ಎದ್ದು ನಿಂತಿತು ಅನ್ನೋದೂ ಸುಳ್ಳೇ, ಯಾಕಂದರೆ ಅದರ ಬಾನೆಟ್ಟು ನೆವಿಲ್‌ನ ಮೊಣಕಾಲಿಗೆ ಬರುತ್ತಿತ್ತು ಅಷ್ಟೇ. ಅದರ ಪಕ್ಕ ಅವನು ನಿಂತರೆ ಯಾರದೋ ಮಗುವಿನ ಆಟಿಕೆಯನ್ನು ಕಾಯುತ್ತಿದ್ದಾನೆ ಅನ್ನಿಸುತ್ತಿತ್ತು.

ಸರ್ಕಾರದ ಪರೀಕ್ಷೆಗೆ ಅದನ್ನು ಓಡಿಸಿಕೊಂಡು ಹೋದವನು ಎದುರು ಮನೆಯ ಕುಳ್ಳ ಟ್ರೆವರ್. ಪಾಸಾಯಿತು. ನಂಬರ್ ಪ್ಲೇಟೂ ಬಂತು. ಪಕ್ಕದ ಮನೆಯ ರೋಲಂಡ್ ಪೈಕ್ ಒಂದು ಸುತ್ತು ಹೊಡೆದ, ಅಂಚೆಯವನು ಒಂದು ಸುತ್ತು ಹೊಡೆದ. ಬೀದಿಯಲ್ಲಿ ಆ ಕಾರನ್ನು ಓಡಿಸದೇ ಉಳಿದವನು ಅದರ ಯಜಮಾನ ಒಬ್ಬನೇ. ಅವನು ಒಳಗೆ ತೂರಿಕೊಂಡರೆ ಮೊಣಕಾಲೆರಡೂ ಸ್ಟಿಯರಿಂಗ್ ಚಕ್ರದ ಅಕ್ಕಪಕ್ಕ ಮೇಲೆದ್ದು ನಿಲ್ಲುತ್ತಿದ್ದವು. ಚಕ್ರ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಮಾತ್ರ ಜಪ್ಪಯ್ಯ ಅಂದರೂ ಇಲ್ಲ.

"ಪರವಾಗಿಲ್ಲ ಬಿಡು," ಅಂದಿದ್ದ ರೋಲಂಡ್. ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರಾದವನು, ರಸ್ತೆ ವಿಷಯದಲ್ಲಿ ತನ್ನದೇ ಕೊನೇ ಮಾತು ಅಂತ ಅವನ ನಂಬಿಕೆ. "ಬರೀ ಎಡಕ್ಕೆ ತಿರುಗ್ತಾ ಹೋದ್ರೂ ಸಮುದ್ರ ಸಿಗತ್ತೆ. ಸ್ವಲ್ಪ ಸ್ಕಾಟ್ಲೆಂಡ್ ಮೇಲೆ ಹಾಯ್ಕೊಂಡು ಹೋಗ್ಬೇಕು, ಅಷ್ಟೆ."

ನೆವಿಲ್ ಛಲ ಬಿಡಲಿಲ್ಲ. ಪೆಡಲುಗಳನ್ನು ಮೂತಿಯ ತುದಿಗೆ ತಳ್ಳಿದ. ಚಿಕ್ಕ ಚಕ್ರ ತಂದು ಹಾಕಿದ. ತನ್ನ ಕಡೆಯ ನೆಲದ ತಗಡನ್ನು ಕತ್ತರಿಸಿ ತಗ್ಗಿಸಿದ. ಬೂಟು ಬಿಚ್ಚಿ, ಬರೀ ಕಾಲುಚೀಲದಲ್ಲಿ ಓಡಿಸುವುದನ್ನು ಅಭ್ಯಾಸ ಮಾಡಿಕೊಂಡ. ಪ್ರತಿ ಸಲವೂ ಬೆರಳಿನಷ್ಟು ಜಾಗ ಸಿಗುತ್ತಿತ್ತು, ಎರಡು ಬೆರಳಿನಷ್ಟು ಸಾಲದೆ ಬರುತ್ತಿತ್ತು.

ಕೊನೆಗೆ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವನ ಹೆಂಡತಿ ಗ್ಲೆನಿಸ್ ಟೋಸ್ಟಿಗೆ ಮಾರ್ಮಲೇಡ್ ಸವರುತ್ತ ತೀರ್ಪು ಕೊಟ್ಟಳು. ಬೇಕರಿಯಲ್ಲಿ ಇಪ್ಪತ್ತು ವರ್ಷ ಬ್ರೆಡ್ಡು ಬೇಯಿಸಿದವಳು. ಐದಡಿ ದಾಟದ ಗಟ್ಟಿಮುಟ್ಟು ಹೆಂಗಸು, ಒಂದು ಮಾತು ಆಡಿದರೆ ಆಡಿದ ಹಾಗೆ.

"ನಾಲ್ಕು ಗಂಟೆಗೆ ಗ್ರಿಮ್ಸ್‌ಬಿಯಿಂದ ಒಬ್ಬರು ಬರ್ತಾರೆ, ಕಾರು ನೋಡಕ್ಕೆ."

ನೆವಿಲ್‌ನ ಕೈಯ ಟೀ ಕಪ್ಪು ಮೇಜಿಗೆ ಇಳಿಯಿತು. "ನೀನೇ ಕರೆಸಿದ್ಯಾ?"

"ನಾನೇ. ಆರು ವರ್ಷ ನಾನೇನಾದ್ರೂ ಅಂದ್ನಾ? ನನ್ನ ಮಣ್ಣಿನ ಪಾತ್ರೆ ಮಾಡೋ ಚಕ್ರ ಮಂಚದ ಕೆಳಗೆ ಬಿದ್ದಿದೆ, ನಿನ್ನ ಕಾರು ಗ್ಯಾರೇಜಲ್ಲಿ ಮಲಗಿದೆ. ಓಡೋ ಕಾರಾದ್ರೆ ಇರ್ಲಿ. ನಾಲ್ಕರೊಳಗೆ ನೀನು ಸರಿಯಾಗಿ ಕೂತು, ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸು. ನನ್ನನ್ನ ಮೇಬಲ್‌ಥಾರ್ಪ್ ಸಮುದ್ರಕ್ಕೆ ಕರ್ಕೊಂಡು ಹೋಗು. ಕಾರು ನಿನ್ನದೇ. ಇಲ್ಲಾಂದ್ರೆ ಅವರದು."

"ಸಮುದ್ರ ಇಲ್ಲೇ ಇದೆಯಲ್ಲೇ, ನಮ್ಮ ಇನ್ನೊಂದು ಕಾರಲ್ಲಿ..."

"ಇದರಲ್ಲಿ ಕರ್ಕೊಂಡು ಹೋಗ್ತೀನಿ ಅಂತ ಆರು ವರ್ಷದ ಹಿಂದೆ ಹೇಳಿದ್ದು ಯಾರು? ನಾನು ತಲೆಗೆ ಕಟ್ಟಕ್ಕೆ ಅಂತ ಸ್ಕಾರ್ಫ್ ಬೇರೆ ತಗೊಂಡಿದ್ದೆ. ಅದಕ್ಕೆ ನುಸಿ ಹತ್ತಿದೆ."

ನೆವಿಲ್ ಎದ್ದು ಗ್ಯಾರೇಜಿಗೆ ಹೋದ. ಬಾಗಿಲಿಗೆ ಹಣೆ ಬಡಿಯಿತು, ದಿನಾ ಬಡಿಯುವ ಜಾಗಕ್ಕೇ. ಜೀವನದಲ್ಲಿ ಯಾವುದೂ ಅವನ ಅಳತೆಗೆ ಸಿಕ್ಕಿರಲಿಲ್ಲ. ಮಂಚದಲ್ಲಿ ಕಾಲು ಹೊರಗೆ, ಬಸ್ಸಿನಲ್ಲಿ ತಲೆ ಓರೆ, ಮದುವೆ ಫೋಟೋದಲ್ಲಿ ಕಣ್ಣಿಂದ ಮೇಲೆ ಇಲ್ಲ. ತನ್ನ ಕೈಯಾರೆ ಮಾಡಿದ ಒಂದಾದರೂ ತನಗೆ ಸರಿಹೋಗಲಿ ಅಂತ ಆಸೆಪಟ್ಟಿದ್ದ. ಹಸಿರು ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಅವನಿಗೆ ನಿಜವಾಗಿಯೂ ಅಳು ಬಂದ ಹಾಗಾಯಿತು.

ಉಳಿದಿದ್ದು ಒಂದೇ ಉಪಾಯ. ಸೀಟನ್ನೇ ಕಿತ್ತೆಸೆದು, ನೆಲದ ಮೇಲೆ ತನ್ನ ಮೈಯದೇ ಅಚ್ಚು ತೆಗೆದುಕೊಳ್ಳುವುದು. ಕಿಟ್ ಕಾರ್ ಕ್ಲಬ್ಬಿನವರು ಬಹಳ ಜನ ಹೀಗೆ ಮಾಡುತ್ತಾರೆ. ಎರಡು ಡಬ್ಬಿಯ ದ್ರಾವಣ ಕಲಸಿ, ಕಸದ ಕಪ್ಪು ಚೀಲಕ್ಕೆ ಸುರಿದು, ಅದರ ಮೇಲೆ ಕೂತುಬಿಡಬೇಕು. ಅದು ನೊರೆಯಾಗಿ ಉಬ್ಬಿ, ಕೂತವನ ಬೆನ್ನು, ಸೊಂಟ, ತೊಡೆಯ ಸುತ್ತ ತುಂಬಿ, ಒಂದು ಕಪ್ ಟೀ ಕುಡಿಯುವಷ್ಟರಲ್ಲಿ ಗಟ್ಟಿಯಾಗುತ್ತೆ. ಅಲ್ಲಿಯವರೆಗೆ ಅಲುಗಾಡಬಾರದು, ಅಷ್ಟೇ ಷರತ್ತು. ಎರಡು ಸಲಕ್ಕೆ ಆಗುವಷ್ಟು ದ್ರಾವಣ ಅವನ ಹತ್ತಿರ ಇತ್ತು.

ಕಾರನ್ನು ಅಂಗಳಕ್ಕೆ ತಳ್ಳಿದ್ದೇ ತಡ, ಬೀದಿ ಸೇರಿತು. ಟ್ರೆವರ್ ಸ್ಪ್ಯಾನರ್ ಹಿಡಿದು ಬಂದ. ರೋಲಂಡ್ ಸಲಹೆ ಹಿಡಿದು ಬಂದ. ಮೂಲೆಮನೆಯ ಹಿಲ್ಡಾ ಅಜ್ಜಿ ಮಡಿಸುವ ಕುರ್ಚಿ, ಹೆಣಿಗೆ ಎರಡನ್ನೂ ಹಿಡಿದು ಬಂದು ನಾಟಕಕ್ಕೆ ಬಂದವರ ಹಾಗೆ ಮುಂದಿನ ಸಾಲಲ್ಲೇ ಕೂತಳು.

"ಸೀಟು ಕಿತ್ತು ಎಲ್ಲಿ ಕೂರ್ತೀಯ ಮಗಾ?" ಅಂದಳು.

"ನೊರೆ ಮೇಲೆ, ಹಿಲ್ಡಾ."

"ನನ್ನ ಯಜಮಾನರೂ ನೊರೆ ಅಂದ್ರೆ ಪ್ರಾಣ ಬಿಡ್ತಿದ್ರು. ಆದ್ರೆ ಅವರು ಬಿಯರ್ ಗ್ಲಾಸಲ್ಲಿ ಕುಡಿಯೋರು."

ಮೊದಲ ಸಲ ಕೆಟ್ಟಿದ್ದು ರೋಲಂಡನಿಂದ. ಚೀಲ ತನ್ನ ಮನೆಯಲ್ಲಿದೆ, ಗಟ್ಟಿ ಚೀಲ, ಅಂತ ಅವನೇ ತಂದುಕೊಟ್ಟ. ನೆವಿಲ್ ಅದರ ಮೇಲೆ ಕೂತು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದ. ನೊರೆ ಮೆಲ್ಲಗೆ ಮೇಲೆದ್ದಿತು. ಎಲ್ಲರೂ ಸದ್ದಿಲ್ಲದೆ ನೋಡುತ್ತಿದ್ದಾಗ ನೆವಿಲ್ ಒಂದು ಕಣ್ಣು ತೆರೆದ.

"ಒದ್ದೆ ಒದ್ದೆ ಅನ್ನಿಸ್ತಿದೆ."

"ಅದು ಹಾಗೇ," ಅಂದ ರೋಲಂಡ್.

"ಅಂಟಂಟು ಕೂಡ."

ಟ್ರೆವರ್ ಬಗ್ಗಿ ನೋಡಿದ. ಚೀಲದ ತಳದಲ್ಲಿ ಗುಲಾಬಿ ಮುಳ್ಳಿನ ತೂತುಗಳು. ರೋಲಂಡ್ ಅದರಲ್ಲಿ ತೋಟ ಸವರಿದ ಕಸ ತುಂಬಿಸಿ, ಖಾಲಿ ಮಾಡಿ, ತೊಳೆದು ಇಟ್ಟಿದ್ದ. ಇನ್ನೂ ಬಾಳಿಕೆ ಬರೋ ಚೀಲ ಯಾಕೆ ಬಿಸಾಕಬೇಕು ಅಂತ. ಅಷ್ಟು ಹೊತ್ತಿಗೆ ನೆವಿಲ್‌ನ ಪ್ಯಾಂಟು, ನೊರೆ, ಕಾರಿನ ನೆಲ ಮೂರೂ ಒಂದಾಗಿದ್ದವು. ಟ್ರೆವರ್, ರೋಲಂಡ್ ಇಬ್ಬರೂ ಕಂಕುಳಿಗೆ ಕೈಕೊಟ್ಟು ಎಳೆದರು. ನೆವಿಲ್ ಬಂದ. ಪ್ಯಾಂಟು ಬರಲಿಲ್ಲ.

ಹಿಲ್ಡಾ ಅಜ್ಜಿ ಹೆಣಿಗೆಯಿಂದ ತಲೆ ಎತ್ತದೆ, "ಕಾಲು ಅಷ್ಟುದ್ದ ಇದ್ರೂ ಇಷ್ಟು ತೆಳ್ಳಗಿದೆಯಲ್ಲ ಪಾಪ," ಅಂದಳು. ತಲೆ ಎತ್ತದೆ ಹೇಗೆ ನೋಡಿದಳೋ ಅವಳೇ ಹೇಳಬೇಕು.

ಪ್ಯಾಂಟಿನ ಸಮೇತ ನೊರೆಯನ್ನು ಕೆತ್ತಿ ತೆಗೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಇನ್ನೊಂದು ಪ್ಯಾಂಟಿಗಾಗಿ ನೆವಿಲ್ ಮನೆಯೊಳಗೆ ಹೋದರೆ ಗ್ಲೆನಿಸ್ ಬಾಗಿಲಿಗೇ ಅಡ್ಡ ನಿಂತಳು.

"ಒಂದು ದಿನಕ್ಕೆ ಒಂದು ಪ್ಯಾಂಟು ಸಾಕು. ಇದನ್ನ ಹಾಕ್ಕೋ." ತನ್ನದೇ ಹಳೇ ಡ್ರೆಸ್ಸಿಂಗ್ ಗೌನ್ ಎಸೆದಳು. ಗುಲಾಬಿ ಬಣ್ಣ, ಹತ್ತಿ ಬಟ್ಟೆ, ಮೈತುಂಬ ಹೂಗಳು. ಅವಳಿಗೆ ಪಾದದವರೆಗೆ ಬರುವುದು ಅವನಿಗೆ ತೊಡೆಯ ಹತ್ತಿರವೇ ಮುಗಿದುಹೋಯಿತು.

ಎರಡನೇ ಸಲಕ್ಕೆ ಟ್ರೆವರ್ ಅಂಗಡಿಗೆ ಓಡಿ ಹೊಸ ಚೀಲವನ್ನೇ ತಂದ. ಒಂದರೊಳಗೊಂದು ಎರಡು ಚೀಲ. ಕೊನೇ ದ್ರಾವಣ ಕಲಸಿ ಸುರಿದರು. ಗುಲಾಬಿ ಗೌನಿನಲ್ಲಿ ನೆವಿಲ್ ಜಾಗ್ರತೆಯಿಂದ ಇಳಿದು, ಕಾಲು ಮುಂದಕ್ಕೆ ಚಾಚಿ, ಬೆರಳ ತುದಿಯನ್ನು ಪೆಡಲಿಗೆ ಮುಟ್ಟಿಸಿದ. ಮುಟ್ಟಿತು. ಮೊಣಕಾಲು ಚಕ್ರದ ಕೆಳಗೇ ಉಳಿಯಿತು. ಅವನು ಚಕ್ರವನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿ ನೋಡಿದ. ತಿರುಗಿತು. ಆರು ವರ್ಷದಲ್ಲಿ ಮೊದಲ ಸಲ ಬಲಕ್ಕೆ ತಿರುಗಿತು.

"ಹಿಡಿಸಿದೆ," ಅಂದ. "ಟ್ರೆವರ್, ಹಿಡಿಸಿದೆ ಕಣೋ. ನಾನು ಇದರಲ್ಲಿ ಹಿಡಿಸ್ತೀನಿ."

"ಅಲ್ಲಾಡ್ಬೇಡ," ಅಂದ ಟ್ರೆವರ್. ಅವನಿಗೂ ಸಂತೋಷ ತಡೆಯಲಾಗಲಿಲ್ಲ.

"ಕೆಳಗೆ ಬಿಸಿ ಆಗ್ತಿದೆ."

"ಆಗತ್ತೆ. ತಡ್ಕೋ."

ಬಿಸಿಯನ್ನು ತಡೆದುಕೊಂಡ. ಆದರೆ ಅಷ್ಟುದ್ದದ ಕಾಲನ್ನು ಅಷ್ಟು ಹೊತ್ತು ನೆಟ್ಟಗೆ ಚಾಚಿದರೆ ಕಾಲಾದರೂ ಏನು ಮಾಡೀತು? ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಮೊದಲು ಸಣ್ಣಗೆ, ಆಮೇಲೆ ಯಾರೋ ಹಿಂಡಿ ಒಣಹಾಕುವ ಹಾಗೆ. ನೆವಿಲ್ ಹಲ್ಲು ಕಚ್ಚಿದ. ಚಕ್ರ ಕಚ್ಚಿದ. ಕೊನೆಗೆ ಒಂದು ಕೂಗು ಹಾಕಿ ಚಿಮ್ಮಿ ಹೊರಗೆ ಬಿದ್ದು, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಅಂಗಳ ದಾಟಿ, ನಡುವಿನ ಗೋಡೆಗೆ ಎಡವಿ, ರೋಲಂಡನ ಬೇಲಿಗಿಡದೊಳಗೆ ತಲೆಕೆಳಗಾಗಿ ಹೊಕ್ಕ.

ಆ ಬೇಲಿಗೆ ಊರಿನ ಹೂದೋಟ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಬಂದಿತ್ತು.

"ಹಾಗೇ ಇರು," ಅಂತ ರೋಲಂಡ್ ಓಡಿಬಂದ. "ಒದ್ದಾಡ್ಬೇಡ. ಒಂದೊಂದೇ ಕೊಂಬೆ ಬಿಡಿಸ್ತೀನಿ."

"ನೊರೆ ಮೇಲೆ ಯಾರಾದ್ರೂ ಕೂರ್ರೋ," ಅಂತ ಎಲೆಗಳ ಒಳಗಿಂದ ನೆವಿಲ್ ಕೂಗಿದ. "ಸುಮ್ನೆ ಬಿಟ್ರೆ ಚಕ್ರದ ತನಕ ಉಬ್ಬತ್ತೆ."

"ನೆವಿಲ್, ಮೊಣಕೈ ಎತ್ತು. ಇದು ಮೂರು ವರ್ಷದ ಚಿಗುರು."

ಗಿಡದೊಳಗೆ ನೆವಿಲ್‌ಗೆ ಕಂಡಿದ್ದು ಎಲೆ, ಕಡ್ಡಿ, ಒಂದು ಗುಬ್ಬಚ್ಚಿಯ ಕೋಪ. ಕೇಳಿಸಿದ್ದು ಹಿಲ್ಡಾ ಅಜ್ಜಿಯ ನಗು, ಟ್ರೆವರ್‌ನ "ಅಯ್ಯೋ ಅಯ್ಯೋ", ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ಕಾರಿನ ಹಾರ್ನ್. ಯಾರು ಒತ್ತಿದರು ಅಂತ ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ರೋಲಂಡ್ ಬೇಲಿಗೆ ನೋವಾಗದ ಹಾಗೆ ಅವನನ್ನು ಬಿಡಿಸಿ ಹೊರತೆಗೆಯುವಷ್ಟರಲ್ಲಿ ಇನ್ನೊಂದು ಕಪ್ ಟೀ ಕುಡಿಯಬಹುದಿತ್ತು.

ಕುಂಟುತ್ತ ಬಂದು ನೋಡಿದರೆ ನೊರೆ ಗಟ್ಟಿಯಾಗಿ ಕೂತಿತ್ತು. ಅಚ್ಚೇನೋ ಚೆನ್ನಾಗೇ ಬಿದ್ದಿತ್ತು. ಆದರೆ ಅದು ನೆವಿಲ್ ಆಗಿರಲಿಲ್ಲ. ತಳ ಅಗಲವಾಗಿತ್ತು, ತೊಡೆಯ ಜಾಗ ಮೋಟಾಗಿತ್ತು, ಬೆನ್ನಿನ ಕಡೆ ಮೊಳದಷ್ಟು ದಪ್ಪ ಉಬ್ಬಿ ಮುಂದಕ್ಕೆ ಬಂದಿತ್ತು. ಅವನು ಕೂತು ನೋಡಿದ. ಮೊಣಕಾಲು ಹೋಗಿ ಗಲ್ಲಕ್ಕೆ ತಾಗಿತು. ಈಗ ಚಕ್ರ ಎಡಕ್ಕೂ ತಿರುಗಲಿಲ್ಲ.

"ಇದರ ಮೇಲೆ ಕೂತಿದ್ದು ಯಾರು?"

ಹಿಲ್ಡಾ ಅಜ್ಜಿ ಹೆಣಿಗೆಯ ಕಣ್ಣು ಎಣಿಸತೊಡಗಿದಳು. ಟ್ರೆವರ್ ಆಕಾಶ ನೋಡಿದ. "ಯಾರೂ ಕೂರ್ಲಿಲ್ಲಪ್ಪ. ಗೊಬ್ಬರದ ಮೂಟೆ ಇಟ್ಟೆ. ನಿಮ್ಮ ಶೆಡ್‌ನಲ್ಲಿತ್ತಲ್ಲ, ಟೊಮೇಟೊ ಗಿಡಕ್ಕೆ ತಂದಿದ್ದು. ಅದು."

"ಗೊಬ್ಬರದ ಮೂಟೆಗೆ ಎರಡು ತೊಡೆ ಎಲ್ಲಿಂದ ಬಂತೋ?"

"ಒಳ್ಳೇ ಕಂಪನಿ ಗೊಬ್ಬರ," ಅಂದ ಟ್ರೆವರ್.

ಗ್ಲೆನಿಸ್ ಅಡುಗೆಮನೆ ಬಾಗಿಲಿಂದ ನೋಡುತ್ತಿದ್ದಳು. ಬೆಳಿಗ್ಗೆ ಉಟ್ಟಿದ್ದ ನೀಲಿ ಸ್ಕರ್ಟ್ ಬದಲಾಗಿ ಕಂದು ಬಣ್ಣದ್ದು ಆಗಿತ್ತು. ನೆವಿಲ್ ಅದನ್ನೆಲ್ಲ ಗಮನಿಸುವ ಹಾಗಿರಲಿಲ್ಲ. ಬ್ರೆಡ್ಡು ಕುಯ್ಯುವ ಚಾಕು ತಂದು ಕೆತ್ತಿಬಿಡೋಣ ಅಂತ ರೋಲಂಡ್ ಅನ್ನುವಷ್ಟರಲ್ಲೇ ಬೀದಿಯ ತಿರುವಿನಲ್ಲಿ ಬೂದುಬಣ್ಣದ ಕಾರೊಂದು ಕಾಣಿಸಿತು. ಗ್ರಿಮ್ಸ್‌ಬಿಯ ಗಿರಾಕಿ, ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ.

ಹೆಸರು ಮಾರ್ಕಮ್. ಕಂಬದಷ್ಟು ನೇರವಾಗಿ ನಿಲ್ಲುವ, ಓಡಿಸುವ ಕೈಗವಸನ್ನು ಮನೆಯಿಂದಲೇ ಹಾಕಿಕೊಂಡು ಬರುವ ಜಾತಿಯ ಮನುಷ್ಯ. ಗುಲಾಬಿ ಗೌನಿನ ನೆವಿಲ್‌ನನ್ನು ಬುಡದಿಂದ ತುದಿಯವರೆಗೆ ನೋಡಿದ. ತಲೆಯಲ್ಲಿ ಎಲೆಗಳಿದ್ದವು.

"ಯಜಮಾನರು ನೀವೇನಾ?"

"ನಾನೇ," ಅಂದ ನೆವಿಲ್. ಇನ್ನು ಎಷ್ಟು ಹೊತ್ತು ಅಂತ ಅವನಿಗೆ ಗೊತ್ತಿರಲಿಲ್ಲ. ಗ್ಲೆನಿಸ್ ಹೊರಗೆ ಬಂದು ಕೈಕಟ್ಟಿ ನಿಂತಳು.

ಮಾರ್ಕಮ್ ಬಾನೆಟ್ಟು ತೆಗೆಸಿದ, ಇಂಜಿನ್ ಶುರು ಮಾಡಿಸಿದ, ಬೆಸುಗೆಗಳನ್ನು ಬೆರಳಾಡಿಸಿ ನೋಡಿದ. "ಕೆಲಸ ಚೆನ್ನಾಗಿದೆ," ಅಂದ. ಬೇರೆ ದಿನವಾಗಿದ್ದರೆ ಆ ಮಾತಿನ ಖುಷಿಯಲ್ಲೇ ನೆವಿಲ್ ಒಂದು ವಾರ ಕಳೆಯುತ್ತಿದ್ದ. ಟ್ರೆವರ್ ಪೆಡಲುಗಳನ್ನು ಹಿಂದಕ್ಕೆಳೆದು ಬಿಗಿದುಕೊಟ್ಟ. ಮಾರ್ಕಮ್ ಒಳಗಿಳಿದು ಕೂತ. ಎಡಕ್ಕೆ ಅಲುಗಿದ, ಬಲಕ್ಕೆ ಅಲುಗಿದ, ಮೂಗು ಮುರಿದ.

"ಇದ್ಯಾರ ಅಚ್ಚು ಸ್ವಾಮಿ? ಒಳ್ಳೆ ಟಬ್ಬಲ್ಲಿ ಕೂತ ಹಾಗಿದೆ. ಇಷ್ಟು ಅಗಲ ಯಾರಿಗೆ ಬೇಕು?"

"ಗೊಬ್ಬರದ ಮೂಟೆ," ಅಂದ ನೆವಿಲ್ ಸಪ್ಪಗೆ. ಅವನಿಗೆ ಗೊತ್ತಿದ್ದದ್ದೇ ಅಷ್ಟು.

"ಅದೇ ನೋಡಿ ಮತ್ತೆ. ನೋಡಿದ ತಕ್ಷಣ ನನಗೂ ಹಾಗೇ ಅನ್ನಿಸ್ತು. ಬರೀ ಮೂಟೆ ಆಕಾರ. ಇದನ್ನ ಕಿತ್ತು ಬಿಸಾಕಿದ್ರಾಯ್ತು. ಉಳಿದಿದ್ದೆಲ್ಲ ಸರಿಯಾಗಿದೆ, ನಾನು ತಗೋತೀನಿ."

ಟ್ರೆವರ್ ಕಣ್ಣು ಮುಚ್ಚಿಕೊಂಡ. ಹಿಲ್ಡಾ ಅಜ್ಜಿ ಹೆಣಿಗೆ ಕೆಳಗಿಟ್ಟಳು.

"ಏಳಿ ಮೇಲೆ," ಅಂದಳು ಗ್ಲೆನಿಸ್.

"ಏನಂದ್ರಿ?"

"ಏಳಿ ಅಂದೆ. ಅದು ನನ್ನ ಸೀಟು."

ಮಾರ್ಕಮ್ ನಗಲೋ ಬೇಡವೋ ಅಂತ ಸುತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ಅವನು ಎದ್ದು ಹೊರಬಂದ.

ಗ್ಲೆನಿಸ್ ಈಗ ಗಂಡನ ಕಡೆ ತಿರುಗಿದಳು. "ಗೊಬ್ಬರದ ಮೂಟೆ ಅಂತೆ. ಈ ಗಂಡಸರು ಸುತ್ತ ನಿಂತು ಅಯ್ಯೋ ಅಯ್ಯೋ ಅಂತಿದ್ರು. ಉಬ್ಬಕ್ಕೆ ಬಿಟ್ಟ ಹಿಟ್ಟು ಕಣ್ಣೆದುರಿಗೆ ಹಾಳಾಗ್ತಿದ್ರೆ ಸುಮ್ನೆ ನೋಡ್ಕೊಂಡು ನಿಲ್ಲೋದು ನನ್ನ ಕೈಲಾಗಲ್ಲ. ನಿನ್ನ ಆರು ವರ್ಷದ ಕೆಲಸ ಕೆಡಬಾರದು ಅಂತ ಓಡಿಬಂದು ಕೂತೆ, ನೀಲಿ ಸ್ಕರ್ಟಿಗೆ ನೊರೆ ಮೆತ್ತಿಸ್ಕೊಂಡೆ. ಕೂತವಳನ್ನ ಈ ಟ್ರೆವರ್ ಮೂಟೆ ಮಾಡಿದ."

"ಹೇಳ್ಬೇಡ ಅಂತ ನೀವೇ ಅಂದಿದ್ದು," ಅಂದ ಟ್ರೆವರ್ ಮೆಲ್ಲಗೆ.

"ಹೇಳ್ಬೇಡ ಅಂದೆ. ಮೂಟೆ ಅನ್ನು ಅಂದ್ನಾ?"

"ಹಾರ್ನ್ ಹೊಡೆದಿದ್ದು...?" ಅಂದ ನೆವಿಲ್.

ಗ್ಲೆನಿಸ್ ಮುಖ ಸ್ವಲ್ಪ ಕೆಂಪಾಯಿತು. "ಚಕ್ರ ಕೈಗೆ ಸಿಕ್ಕಿತ್ತು, ಒತ್ತಿದೆ. ಅದರಲ್ಲೇನು?"

"ಬಾಯಲ್ಲಿ ಬುರ್ ಅಂತ ಸದ್ದೂ ಮಾಡಿದ್ಲು," ಅಂದಳು ಹಿಲ್ಡಾ ಅಜ್ಜಿ. "ಗೇರ್ ಬದಲಾಯಿಸಿದ್ದು ನಾನೇ ನೋಡಿದೀನಿ."

ಗ್ಲೆನಿಸ್ ಸ್ಕರ್ಟನ್ನು ಎತ್ತಿ ಹಿಡಿದು, ಕಾರಿನ ಪಕ್ಕದ ಅಂಚು ದಾಟಿ, ಒಳಗಿಳಿದು ಕೂತಳು. ಎಂಥಾ ಕೂರೋದು ಅಂತೀರಿ. ತಳ ತಳಕ್ಕೆ ಸೇರಿತು, ಬೆನ್ನು ಬೆನ್ನಿಗೆ ಸೇರಿತು, ಹಿಂದೆ ಉಬ್ಬಿದ್ದ ನೊರೆ ಅವಳನ್ನು ಸರಿಯಾಗಿ ಪೆಡಲಿನ ಹತ್ತಿರಕ್ಕೆ ತಂದು ಕೂರಿಸಿತು. ಚಕ್ರವನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಸುತ್ತ ನಿಂತವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮಾರ್ಕಮ್ ಕೂಡ ಬಾಯಿ ತೆರೆದು ನೋಡಿದ.

"ಅಗಲ ಜಾಸ್ತಿ ಅಂದ್ರಲ್ಲ, ಈಗ ಹೇಳಿ," ಅಂದಳು ಗ್ಲೆನಿಸ್.

ಮಾರ್ಕಮ್ ಬುದ್ಧಿವಂತ. ಕೈಗವಸು ಬಿಚ್ಚಿಕೊಂಡು ತನ್ನ ಕಾರಿನ ಕಡೆ ನಡೆದ.

"ಗ್ಲೆನಿಸ್," ಅಂದ ನೆವಿಲ್. "ಹಾಗಾದ್ರೆ ಮಾರಲ್ವಾ?"

"ಪೆಟ್ರೋಲ್ ಇದೆಯಾ?"

"ತುಂಬಿಸಿದೀನಿ. ಆದ್ರೆ ಇನ್ಶೂರೆನ್ಸ್..."

"ಮಾಡಿಸಿದ್ದು ನಾನೇ. ಇಬ್ಬರ ಹೆಸರೂ ಇದೆ. ನಡುಮನೆ ಗೂಟದಲ್ಲಿ ನನ್ನ ಸ್ಕಾರ್ಫ್ ಇದೆ, ತಗೊಂಡು ಬಾ. ಹಾಗೇ ಒಂದು ಪ್ಯಾಂಟು ಹಾಕ್ಕೋ."

ಸ್ಕಾರ್ಫ್ ತಂದ, ಪ್ಯಾಂಟು ಹಾಕಿದ. ಆಮೇಲೆ ಎಡಗಡೆಯ ಸೀಟಿನ ಮುಂದೆ ನಿಂತು ಒಂದು ಕ್ಷಣ ಯೋಚಿಸಿದ. ಆರು ವರ್ಷದಲ್ಲಿ ಕತ್ತರಿಸಿದ್ದು, ತಗ್ಗಿಸಿದ್ದು, ತಳ್ಳಿದ್ದು ಎಲ್ಲ ಬಲಗಡೆ. ಎಡಗಡೆ ಕಂಪನಿಯವರು ಕಳಿಸಿದ ಹಾಗೇ ಇತ್ತು, ಅದೇ ಎತ್ತರದ ನೆಲ, ಅದೇ ದಪ್ಪ ಸೀಟು. ಟ್ರೆವರ್, ರೋಲಂಡ್ ಇಬ್ಬರೂ ಸೇರಿ ಅವನನ್ನು ಮಡಿಸಿದರು. ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ಉಳಿದಿದ್ದು. ಮೊಣಕಾಲು ಕಿವಿಯ ಹತ್ತಿರ ಬಂದು ನಿಂತವು.

"ಕೈ ಎಲ್ಲಿಡ್ಲಿ?" ಅಂದ.

"ಬೀಸ್ತಾ ಹೋಗು," ಅಂದ ರೋಲಂಡ್. "ಇಂಡಿಕೇಟರ್ ಉಳಿಯತ್ತೆ."

ಗ್ಲೆನಿಸ್ ಗೇರ್ ಹಾಕಿದಳು. ಕಾರು ಬೀದಿಯ ತುದಿಗೆ ಹೋಗಿ ಬಲಕ್ಕೆ ತಿರುಗಿತು.

ಮೇಬಲ್‌ಥಾರ್ಪ್‌ವರೆಗೆ ನೆವಿಲ್‌ನ ತಲೆ ಮುಂದಿನ ಗಾಜಿನ ಮೇಲಕ್ಕೆ ಗೇಣುದ್ದ ಎದ್ದೇ ಇತ್ತು. ಬಾಯಿ ತೆರೆದಾಗಲೆಲ್ಲ ಹುಳ ಹೋಗುತ್ತಿತ್ತು. ಬಾಯಿ ಮುಚ್ಚುವುದೂ ಅವನಿಂದಾಗಲಿಲ್ಲ, ನಗುತ್ತಿದ್ದ. ತಾನು ಬಿಗಿದ ಒಂದೊಂದು ಬೋಲ್ಟೂ ಹಿಡಿದುಕೊಂಡಿತ್ತು, ಇಂಜಿನ್ ಹಾಡುತ್ತಿತ್ತು, ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಹರಿಯುತ್ತಿತ್ತು. ಗ್ಲೆನಿಸ್ ಸ್ಕಾರ್ಫಿನ ತುದಿ ಹಾರಿಸುತ್ತ, ಮದುವೆಯಾದ ಹೊಸದರಲ್ಲಿ ಹಾಡುತ್ತಿದ್ದಷ್ಟು ಜೋರಾಗಿ ಏನೋ ಹಾಡುತ್ತಿದ್ದಳು. ಇದನ್ನು ನೋಡುವುದಕ್ಕೇ ಆರು ವರ್ಷ ಗ್ಯಾರೇಜಿನಲ್ಲಿ ಕಳೆದೆನೇನೋ ಅನ್ನಿಸಿ ಅವನ ಮನಸ್ಸು ತುಂಬಿ ಬಂತು.

ಸಮುದ್ರದ ಮುಂದೆ ಕಾರು ನಿಂತಾಗ ಅವಳು ಹಾರಿ ಇಳಿದಳು. ಅವನು ಇಳಿಯಲಾರ. ಎಳೆಯುವುದಕ್ಕೆ ಟ್ರೆವರ್ ಇಲ್ಲ, ರೋಲಂಡ್ ಇಲ್ಲ. ಅವಳೇ ಹೋಗಿ ಮೀನು, ಚಿಪ್ಸ್ ಪೊಟ್ಟಣ ಕಟ್ಟಿಸಿ ತಂದು, ಅವನ ಎರಡು ಮೊಣಕಾಲಿನ ಮೇಲೆ ಇಟ್ಟಳು. ಮೇಜಿಗಿಂತ ಸರಿಯಾದ ಎತ್ತರದಲ್ಲಿದ್ದವು.

"ನನ್ನ ಮಣ್ಣಿನ ಚಕ್ರ ಮಂಚದ ಕೆಳಗೇ ಇರ್ಲಿ," ಅಂದಳು ಚಿಪ್ಸ್ ಬಾಯಿಗಿಡುತ್ತ. "ಗ್ಯಾರೇಜು ಕಾರಿಗೇ ಸರಿ."

"ನಿಜವಾಗ್ಲೂ ಮಾರಲ್ವಾ ಹಾಗಾದ್ರೆ?"

"ನನ್ನ ಕಾರನ್ನ ನಾನ್ಯಾಕೆ ಮಾರ್ಲಿ?"

ಒಂದು ಕಡಲಹಕ್ಕಿ ಬಂದು ನೆವಿಲ್‌ನ ಚಿಪ್ಸ್ ನೋಡಿತು. ಅದನ್ನು ಅಟ್ಟಲು ಅವನ ಎರಡು ಕೈಗೂ ಬಿಡುವಿರಲಿಲ್ಲ.

"ಇನ್ನೊಂದು ಜೊತೆ ಡಬ್ಬಿ ತರಿಸಿದ್ರೆ," ಅಂದ ಮೆಲ್ಲಗೆ, "ಆ ಕಡೆ ನನ್ನ ಅಚ್ಚು..."

"ತರಿಸು. ಈ ಕಡೆಗೆ ಹಾಕ್ಕೋ. ಆ ಕಡೆ ಮುಟ್ಟಿದ್ರೆ ನೋಡು," ಅಂದಳು ಗ್ಲೆನಿಸ್. "ಮುಂದಿನ ಭಾನುವಾರ ಲಿಂಕನ್ ಊರಿಗೆ ಹೋಗೋಣ. ಆರಾಮಾಗಿ ಕೂತಿದೀಯ ತಾನೇ?"

"ಆರಾಮಾಗಿದೀನಿ," ಅಂದ ನೆವಿಲ್. ಚಿಪ್ಸ್ ತಿನ್ನುವ ಮರದ ಫೋರ್ಕನ್ನು ಕಾಲ ಸಂದಿಯಲ್ಲಿ ಇಳಿಬಿಟ್ಟು, ಎಡಗಡೆಯ ನೆಲವನ್ನು ಎಷ್ಟು ತಗ್ಗಿಸಬಹುದು ಅಂತ ಅಳೆಯತೊಡಗಿದ.